ಅಪ್ಪನ ಎರಡನೇ ದೀಕ್ಷಾಸ್ನಾನ

ಧಾರವಾಡಕ್ಕೆ ಹೊರಡುವ ಮುಂಚೆ ಜಯನಗರದ ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ನನ್ನ ಮುಂದೆ ತಾಯಿ, ಮಗಳು. ತಾಯಿಯ ಕೈಯಲ್ಲಿ ಗಂಡನ ಮರಣ ಪ್ರಮಾಣಪತ್ರ.

"ನಿಮ್ಮಪ್ಪಂಗೆ ನಮ್ಮ ಚರ್ಚಲ್ಲೇ ದೀಕ್ಷಾಸ್ನಾನ ಆಗಿದೆಯಲ್ಲೇ. ಸತ್ತೋರಿಗೆ ಇನ್ನೊಂದ್ಯಾಕೆ?"

"ನಾನೀಗ ಸೇರಿರೋ ಮಾರ್ಮನ್ ಸಭೇಲಿ ಆ ಸ್ನಾನ ಲೆಕ್ಕಕ್ಕೆ ಬರಲ್ಲಮ್ಮ. ಅಪ್ಪನ ಹೆಸರಲ್ಲಿ ಬೇರೆಯೋರು ನೀರಲ್ಲಿ ಮುಳುಗಿ ಏಳ್ತಾರೆ. ಆಮೇಲೆ ನಾವೆಲ್ಲ ಸತ್ತಮೇಲೂ ಒಟ್ಟಿಗೆ ಇರಬಹುದು. ಅಲ್ಲಿ ಅಪ್ಪನ ಹೆಸರು, ತಾರೀಖು ಬರೆಸೋಕೇ ಈ ಕಾಪಿ."

ಸತ್ತವರ ಪರವಾಗಿ ಬದುಕಿರುವವರು ಮುಳುಗುತ್ತಾರೆಂದು ಕೇಳಿದ್ದು ಅದೇ ಮೊದಲು. ಕಾಗೆಗೆ ಪಿಂಡ ಇಡುವ ನನಗೆ ನಗುವ ಹಕ್ಕಿರಲಿಲ್ಲ.

"ಮಣ್ಣು ಮಾಡಿದ ದಿನಾನೇ ಪಾಸ್ಟರು ಹೇಳಿದ್ರು, ಅವರು ದೇವರ ಹತ್ರ ಹೋದ್ರು ಅಂತ," ಎಂದರು ತಾಯಿ. "ಹಾಗಾದ್ರೆ ಇಷ್ಟು ವರ್ಷ ನಿಮ್ಮಪ್ಪ ಎಲ್ಲಿದ್ರು?"



"ಎಷ್ಟು ಕಾಪಿ ಮೇಡಂ?" ಅಂಗಡಿಯವನು ಕೈ ಚಾಚಿದ.

ತಾಯಿ ಪ್ರಮಾಣಪತ್ರವನ್ನು ಮಡಚಿ ಎದೆಗೆ ಅವುಚಿಕೊಂಡರು.