ಕೀಬೋರ್ಡ್ ಮೇಲಿಟ್ಟ ಕಾಯಿಹೋಳು

ಕೊರೊನಾ ಗಲಾಟೆ ತಣ್ಣಗಾದ ಮೇಲಿನ ಮಾತು. ಆಗ ನಾನು ಚಿತ್ರದುರ್ಗದ ಅಂಗಡಿ, ಆಸ್ಪತ್ರೆ, ಲ್ಯಾಬುಗಳ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತಿದ್ದೆ. ಅದಕ್ಕೂ ಮುಂಚೆ ಟೈಪಿಂಗ್ ಕಲಿಸುತ್ತಿದ್ದುದರಿಂದ ಊರಿಗೆಲ್ಲ ನಾನು ಮೇಷ್ಟ್ರು. ನನ್ನ ಕೈಗೆ ಒಗ್ಗಿದ್ದು ಸ್ಕ್ರಿಪ್ಟ್ ಬರೆಯುವ ಕೆಲಸ. ಸ್ಕ್ರಿಪ್ಟ್ ಎಂದರೆ ಕಂಪ್ಯೂಟರಿಗೆ ಮೊದಲೇ ಬರೆದಿಟ್ಟ ಆಜ್ಞೆಗಳು. ಅದು ಒಂದು ಅಪ್ಲಿಕೇಶನ್ ತೆರೆದು ಮಾಹಿತಿ ತೆಗೆದು, ಇನ್ನೊಂದಕ್ಕೆ ಸಂದೇಶ ಕೊಟ್ಟು ಕೆಲಸ ಮಾಡಿಸುತ್ತದೆ. ಪಕ್ಕದಲ್ಲಿ ಮನುಷ್ಯ ಇರಬೇಕೆಂದಿಲ್ಲ.

ಒಂದು ಖಾಸಗಿ ರಕ್ತಪರೀಕ್ಷೆ ಲ್ಯಾಬಿಗೆ ಅಂಥದ್ದೊಂದನ್ನು ಬರೆದುಕೊಟ್ಟೆ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರಿನ ಸ್ಯಾಂಪಲ್ಲುಗಳು ಅಲ್ಲಿಗೆ ಬಸ್ಸಿನಲ್ಲಿ ಬರುತ್ತಿದ್ದವು. ಪರೀಕ್ಷೆ ಯಂತ್ರದ ಸಾಫ್ಟ್‌ವೇರಿನಿಂದ ಫಲಿತಾಂಶ ತೆಗೆದು, ವರದಿ ತಯಾರಿಸಿ, ರೋಗಿ ಕೊಟ್ಟ ನಂಬರಿಗೆ ಮೆಸೇಜ್ ಕಳಿಸುವುದು ನನ್ನ ಸ್ಕ್ರಿಪ್ಟಿನ ಕೆಲಸ. ಎಚ್‌ಐವಿಯಂಥ ಪರೀಕ್ಷೆಯಲ್ಲಿ ಅನುಮಾನದ ಫಲಿತಾಂಶ ಬಂದರೆ ಮಾತ್ರ ಅದು ನಿಂತು, ಪರದೆಯ ಮೇಲೆ ಒಂದು ಪೆಟ್ಟಿಗೆ ತೆರೆದು ‘ಕಳಿಸಲೇ?’ ಎಂದು ಕೇಳುತ್ತಿತ್ತು. ‘ಹೌದು’, ‘ಬೇಡ’ ಎಂದು ಎರಡು ಬಟನ್. ಎಂಟರ್ ಒತ್ತಿದರೆ ‘ಬೇಡ’ ಆಗುವಂತೆ ಮಾಡಿದ್ದೆ. ಮೊದಲ ಪರೀಕ್ಷೆಯಲ್ಲಿ ‘ರಿಯಾಕ್ಟಿವ್’ ಬಂದರೆ ಅದು ಬರೀ ಅನುಮಾನ. ಬೇರೆ ವಿಧಾನದಲ್ಲಿ ಮತ್ತೆ ನೋಡಿ ಖಚಿತ ಮಾಡಿಕೊಳ್ಳಬೇಕು, ರೋಗಿಯನ್ನು ಕೂರಿಸಿಕೊಂಡು ಹೇಳಬೇಕು.

ಲ್ಯಾಬಿನ ಮಾಲೀಕರಿಗೆ ಈ ಪೆಟ್ಟಿಗೆಯೇ ತಲೆನೋವು. "ಏನ್ರೀ ಮೇಷ್ಟ್ರೇ, ಪ್ರತಿ ಸಲ ಮೌಸ್ ಹಿಡ್ಕಂಡು ಎಳೀಬೇಕು. ಎಂಟರ್ ಹೊಡುದ್ರೆ ಹೋಗೋ ಹಂಗೆ ಮಾಡ್ರಿ" ಎಂದರು.

"ಅದು ಬಾಗ್ಲಿಗೆ ಹಾಕಿದ ಅಗುಳಿ ಸಾರ್. ತೆಗಿಯಾದಿಲ್ಲ" ಎಂದೆ.

ಆಸಾಮಿ ಸುಮ್ಮನಾದರೆಂದು ಭಾವಿಸಿದೆ. ಸುಮ್ಮನಾಗಿರಲಿಲ್ಲ. ಬೇರೆ ಯಾರನ್ನೋ ಕರೆಸಿ ಎಂಟರ್ ಒತ್ತಿದರೆ ‘ಹೌದು’ ಆಗುವಂತೆ ಬದಲಾಯಿಸಿಕೊಂಡಿದ್ದರು. ಅದು ನನಗೆ ತಿಳಿದದ್ದು ಆಯುಧಪೂಜೆ ಹಬ್ಬ ಕಳೆದ ಮೇಲೆ, ಲ್ಯಾಬಿನಿಂದ ಫೋನ್ ಬಂದಾಗ.

ಹೋಗಿ ನೋಡಿದರೆ ಬೆಂಚಿನ ಮೇಲೆ ಬಟ್ಟೆಗಂಟು ಹಿಡಿದ ಹೆಂಗಸೊಬ್ಬಳು ಕೂತಿದ್ದಳು. ಹೆಸರು ಮಂಜಕ್ಕ, ಹೊಸದುರ್ಗದ ಕಡೆಯ ಹಳ್ಳಿಯವಳು. ಗಂಡ ಕುರಿ ಹೊಡೆದುಕೊಂಡು ಊರೂರು ಸುತ್ತುವವನು. ಗರ್ಭಕೋಶದ ಆಪರೇಷನ್‌ಗೆ ಮುಂಚೆ ರಕ್ತ ಕೊಟ್ಟಿದ್ದಳು. ಅವಳ ಬಳಿ ಫೋನ್ ಇರಲಿಲ್ಲ. ಆ ಮನೆಯವರು ಆಸ್ಪತ್ರೆಯಿರಲಿ, ಶಾಲೆಯಿರಲಿ, ಎಲ್ಲೆಡೆ ಮನೆಯ ಹಿರಿಯನ ನಂಬರನ್ನೇ ಬರೆಸುವವರು. ಹೀಗಾಗಿ ‘ಎಚ್‌ಐವಿ ರಿಯಾಕ್ಟಿವ್’ ಎಂಬ ವರದಿ ಆಯುಧಪೂಜೆಯ ದಿನ ನೇರವಾಗಿ ಅವಳ ಭಾವನ, ಅಂದರೆ ಗಂಡನ ಅಣ್ಣನ, ಫೋನಿಗೆ ಬಿದ್ದಿತ್ತು. ಆತ ಅದನ್ನು ನೆಂಟರಿಗೆಲ್ಲ ಕಳಿಸಿ, ಇವಳ ತಟ್ಟೆ ಲೋಟ ಬೀದಿಗೆಸೆದು, ಮಗಳನ್ನು ಮಾತ್ರ ಒಳಗಿಟ್ಟುಕೊಂಡು ಇವಳನ್ನು ಹೊರಗೆ ಹಾಕಿದ್ದ.

"ನನ್ನ ಏನಾರ ಮಾಡ್ಕಳ್ಲಿ ಸಾರ್. ಮಗಳೊಬ್ಳನ್ನ ಕೊಡುಸ್ರಿ" ಎಂದಳು.

ಹಬ್ಬದ ದಿನ ಲ್ಯಾಬಿಗೆ ರಜೆ. ಹಾಗಾದರೆ ‘ಹೌದು’ ಒತ್ತಿದ್ದು ಯಾರು? ಸ್ಕ್ರಿಪ್ಟಿನ ದಾಖಲೆ ತೆಗೆದು ನೋಡಿದೆ. ಪೆಟ್ಟಿಗೆ ತೆರೆದ ಗಳಿಗೆಯಲ್ಲೇ ಒಪ್ಪಿಗೆ ಬಿದ್ದಿತ್ತು. ಮನುಷ್ಯ ಓದಿ ಒತ್ತಿದ್ದಲ್ಲ. ಕೌಂಟರಿನ ರತ್ನಮ್ಮನನ್ನು ಕೇಳಿದೆ. "ಪೂಜೆ ಮಾಡಿ, ಮಾಲೀಕ್ರೇ ಬೀಗ ಹಾಕಿದ್ರು. ಸಂಜೆವರ್ಗೂ ಯಾರೂ ಮುಟ್ಲಿಲ್ಲ ಸಾರ್" ಎಂದು, ಪೂಜೆಯ ಫೋಟೋ ತೋರಿಸಿದಳು.

ಕಂಪ್ಯೂಟರಿಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ. ಪೂಜೆಯ ದಿನ ಆರಿಸಬಾರದೆಂದು ಪರದೆ ಉರಿಯುತ್ತಿತ್ತು, ಪರೀಕ್ಷೆ ಯಂತ್ರವೂ ಹಿಂದಿನ ದಿನ ಹಾಕಿದ ಸ್ಯಾಂಪಲ್ಲುಗಳನ್ನು ನೋಡುತ್ತಲೇ ಇತ್ತು. ಒಡೆದ ಕಾಯಿಯ ಒಂದು ಹೋಳು ಕೀಬೋರ್ಡಿನ ಬಲ ಮೂಲೆಯಲ್ಲಿ, ಎಂಟರ್ ಕೀಲಿಯ ಮೇಲೆ ಕೂತಿತ್ತು. ಕಾಯಿ ಕೀಲಿಯನ್ನು ಅದುಮಿ ಹಿಡಿದಿತ್ತು, ಸ್ಕ್ರಿಪ್ಟ್ ಕೇಳಿತ್ತು, ಕಾಯಿ ‘ಹೌದು’ ಅಂದಿತ್ತು. ಅಯ್ಯೋ ದೇವರೇ!

ಮಾಲೀಕರಿಗೆ ಎಲ್ಲ ವಿವರಿಸಿದೆ. ಅವರು ನನ್ನ ಮಾತು ಮುಗಿಯುವ ಮೊದಲೇ ರತ್ನಮ್ಮನ ಕಡೆ ತಿರುಗಿ, "ಕಾಯಿ ಇಟ್ಟೋಳು ನೀನೇ ತಾನೇ? ನಾಳಿಂದ ಬರಬ್ಯಾಡ" ಎಂದರು.

"ಅಗುಳಿ ತೆಗೆಸಿದ್ದು ನೀವು ಸಾರ್!" ಎಂದು ಕೂಗಿದೆ.

"ಹಬ್ಬದಲ್ಲಿ ಆದದ್ದು ಮೇಷ್ಟ್ರೇ, ದೇವ್ರ ಇಚ್ಛೆ" ಎಂದು ಅವರು ಒಳಗೆ ಹೋದರು.

ಮಂಜಕ್ಕನ ರಕ್ತವನ್ನು ಬೇರೆ ಕಡೆ ಕೊಟ್ಟು ಖಚಿತ ಪರೀಕ್ಷೆ ಮಾಡಿಸಿದೆವು. ಸೋಂಕು ಇಲ್ಲವೇ ಇಲ್ಲ ಎಂದು ಬಂತು. ಕೆಲಸ ಕಳೆದುಕೊಂಡ ರತ್ನಮ್ಮನೂ ನಾನೂ ಮಂಜಕ್ಕನನ್ನು ಕರೆದುಕೊಂಡು, ಗೆದ್ದವರ ಹಾಗೆ ಹೊಸದುರ್ಗದ ಬಸ್ಸು ಹತ್ತಿದೆವು.

ಭಾವ ಜಗಲಿಯಿಂದ ಏಳಲಿಲ್ಲ. ವರದಿ ಚಾಚಿದರೆ ಮುಟ್ಟಲೂ ಇಲ್ಲ. "ಅವತ್ತಿನ್ದು ತಾನಾಗೇ ಬಂತು. ಇದನ್ನ ನೀವು ಹೊತ್ಕಂಡು ಬಂದೀರಿ. ಯಾವುದ್ನ ನಂಬಾಣ?" ಎಂದ.

"ಮಿಷಿನ್ ಬರೀ ಅನುಮಾನ ಹೇಳ್ತು ಕಣಪ್ಪ" ಎಂದೆ.

"ಮಿಷಿನ್‌ಗೆ ಯಾರ ಮ್ಯಾಲೆ ಹಗೆ ಐತ್ರಿ? ಸುಳ್ಳು ಹೇಳಾದು ಮನುಷ್ರು. ನನ್ ತಮ್ಮಂಗೂ ಹೇಳೀನಿ, ಅವ್ನೂ ಬ್ಯಾಡ ಅಂದಾನೆ."

ಇಷ್ಟರಲ್ಲಿ ಮಗಳು ಬಾಗಿಲಿಗೆ ಬಂದಳು. ಇನ್ನೂ ಶಾಲೆಗೆ ಸೇರದ ಕೂಸು. ಮಂಜಕ್ಕ ಅಂಗಳದಲ್ಲೇ ಕುಕ್ಕರುಗಾಲಲ್ಲಿ ಕೂತು, "ಬಾರೇ ನನ್ನವ್ವ" ಎಂದು ಎರಡೂ ಕೈ ಚಾಚಿದಳು. ಕೂಸು ತನ್ನ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಿತು.

"ಮುಟ್ಟಬ್ಯಾಡ ಕಣವ್ವ. ನಾನೂ ಸಾಯ್ತೀನಂತೆ."

ಅಲ್ಲಿಂದೀಚೆಗೆ ನನ್ನ ಯಾವ ಸ್ಕ್ರಿಪ್ಟೂ ಯಾರ ಫೋನಿಗೂ ಕಾಯಿಲೆಯ ಫಲಿತಾಂಶ ಕಳಿಸುವುದಿಲ್ಲ. ‘ನೀವೇ ಬಂದು ತಗೊಂಡು ಹೋಗಿ’ ಎಂದಷ್ಟೇ ತಿಳಿಸುತ್ತದೆ. ಮನುಷ್ಯರು ಮನುಷ್ಯರಿಗೆ ಹೇಳಬೇಕಾದ ಮಾತನ್ನು ಯಂತ್ರಕ್ಕೆ ವಹಿಸಬಾರದೆಂದು ಈ ಕೆಲಸ ನನಗೆ ಕಲಿಸಿತು. ನಾನು ಕಲಿತದ್ದರಿಂದ ಮಂಜಕ್ಕನಿಗೆ ಏನೂ ಆಗಲಿಲ್ಲ. ಆ ಕೂಸು ಇವತ್ತಿಗೂ ದೊಡ್ಡಪ್ಪನ ಮನೆಯಲ್ಲೇ ಇದೆ.