ಸೂಕ್ಷ್ಮಾಣುವಿನೊಳಗೆ ಮಗಳ ಹೆಸರು

ಬೆಳಗಿನ ಐದೂವರೆ. ಪ್ರಯೋಗಾಲಯದ ಓಣಿಯಲ್ಲಿ ಇನ್ನೂ ಒಂದೇ ದೀಪ. ದಪ್ಪನೆಯ ಕೈಗವಸು ತೊಟ್ಟ ಅಕ್ಕ ಫ್ರೀಜರಿನ ಬಾಗಿಲು ಎಳೆಯುತ್ತಾರೆ. ಬಿಳಿ ಆವಿ ಹೊರಚೆಲ್ಲಿ ಮೊಣಕಾಲಿನವರೆಗೆ ಇಳಿಯುತ್ತದೆ. ಒಳಗೆ ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗಿನ ಚಳಿ, ಆರುನೂರ ನಲವತ್ತು ಟ್ಯೂಬುಗಳು, ಒಂದೊಂದರಲ್ಲೂ ಕಣ್ಣಿಗೆ ಕಾಣದ ಜೀವಗಳು.

"ನಮ್ಮನೆಯವರಿಗಿಂತ ಇವೇ ವಾಸಿ. ಇಟ್ಟ ಕಡೆ ಇರ್ತವೆ," ಎಂದು ನಗುತ್ತಾರೆ.

ಐವತ್ತೆರಡರ ಈ ಲ್ಯಾಬ್ ಸಹಾಯಕಿಯನ್ನು ನಿರ್ದೇಶಕರಿಂದ ಕಾವಲುಗಾರನವರೆಗೆ ಎಲ್ಲರೂ ಕರೆಯುವುದು ಅಕ್ಕ ಎಂದೇ. ಇಪ್ಪತ್ತಮೂರು ವರ್ಷದ ಕೆಲಸ. ದಿನಕ್ಕೆ ನಾಲ್ಕು ಸಲ ಚಳಿಯ ಮಟ್ಟ ನೋಡಿ ಬರೆಯಬೇಕು. ಕರೆಂಟು ಕೈಕೊಟ್ಟರೆ ರಜೆಯಲ್ಲೂ ಓಡಿಬರಬೇಕು.

ಹನ್ನೊಂದು ವರ್ಷದ ಹಿಂದೆ ಇಲ್ಲಿನ ವಿಜ್ಞಾನಿಗಳು ಬಟ್ಟೆ ಗಿರಣಿಯ ಕೊಳೆನೀರಿನ ಬಣ್ಣ ತಿನ್ನುವ ಸೂಕ್ಷ್ಮಾಣುವೊಂದನ್ನು ರೂಪಿಸಿದರು. ಯಾರಾದರೂ ಕದ್ದರೆ ತಿಳಿಯಲೆಂದು ಅದರ ಡಿಎನ್‌ಎಯಲ್ಲಿ, ನಾಲ್ಕೇ ಅಕ್ಷರಗಳ ಆ ಬರಹದಲ್ಲಿ, ಗುರುತೊಂದನ್ನು ಸಂಕೇತವಾಗಿ ಅಡಗಿಸಬೇಕಿತ್ತು. "ನೀವೇ ಒಂದು ಹೆಸರು ಹೇಳಿಬಿಡಿ ಅಕ್ಕಾ," ಎಂದರಂತೆ ಮುಖ್ಯ ವಿಜ್ಞಾನಿ. ಅಕ್ಕನ ಏಳು ವರ್ಷದ ಮಗಳು ಜ್ವರದಲ್ಲಿ ತೀರಿಕೊಂಡು ಆಗ ಮೂರೇ ತಿಂಗಳು.

"ಬೇರೆ ಹೆಸರು ಬಾಯಿಗೆ ಬರಲಿಲ್ಲ. ಅವರೂ ಏನೂ ಕೇಳದೆ ಬರ್ಕೊಂಡ್ರು. ಈ ಜೀವ ಒಂದು ಎರಡಾದಾಗ ಒಳಗಿನ ಹೆಸರೂ ಎರಡಾಗ್ತದಂತೆ. ಮನೇಲಿ ಅವಳ ಹೆಸರು ಎತ್ತೋಕೆ ಎಲ್ಲರಿಗೂ ಭಯ. ಇಲ್ಲಿ ಲೆಕ್ಕವಿಲ್ಲದಷ್ಟು ಸಲ ಬರೀತಾ ಇತ್ತಲ್ಲ, ಅಷ್ಟೇ ನೆಮ್ಮದಿ."

ಮೂರು ವರ್ಷದ ಹಿಂದೆ ಮತ್ತೊಂದು ಕಂಪನಿ ಅದೇ ಸೂಕ್ಷ್ಮಾಣುವಿಗೆ ಪೇಟೆಂಟ್ ಪಡೆಯಿತು. ಜಗಳ ಕೋರ್ಟಿನ ಮೆಟ್ಟಿಲೇರಿತು. ಆ ಕಂಪನಿಯ ಸೂಕ್ಷ್ಮಾಣುವಿನ ಡಿಎನ್‌ಎ ಓದಿಸಿದರೆ ಅಲ್ಲೂ ಮಗಳ ಹೆಸರು! ಸಾಕ್ಷಿ ಹೇಳಲು ಅಕ್ಕ ಕಟಕಟೆ ಹತ್ತಿದರು.

"ಇರೋದೇ ನಾಲ್ಕು ಅಕ್ಷರ. ಯಾವ ಹೆಸರಾದ್ರೂ ಆಕಸ್ಮಿಕವಾಗಿ ಮೂಡಬಹುದಲ್ಲಮ್ಮಾ?" ಎಂದರು ಎದುರು ಪಕ್ಷದ ವಕೀಲರು.

"ಹೆಸರಿನ ಪಕ್ಕ ನಾನೇ ಹೇಳಿ ಬರೆಸಿದ ಎರಡು ತಾರೀಖೂ ಇದೆ, ನೋಡಿ ಸ್ವಾಮಿ. ಹುಟ್ಟಿದ್ದೊಂದು, ಹೋಗಿದ್ದೊಂದು. ಅವೂ ಆಕಸ್ಮಿಕವಾ?"

ಸೋಲು ಖಚಿತವಾದಾಗ ಕಂಪನಿ ರಾಜಿಗೆ ಬಂತು. ಗುರುತಿಲ್ಲದ ಹೊಸ ತಳಿಯನ್ನು ಪ್ರಯೋಗಾಲಯ, ಕಂಪನಿ ಎರಡೂ ಸೇರಿ ಮಾರುವುದು, ಹಳೆಯದನ್ನೆಲ್ಲ ನಾಶ ಮಾಡುವುದು ಎಂದು ಒಪ್ಪಂದವಾಯಿತು. ಅಕ್ಕನನ್ನು ಯಾರೂ ಒಂದು ಮಾತು ಕೇಳಲಿಲ್ಲ.

"ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರೆ. ಇಲ್ಲಿ ರಾಜಿಯಲ್ಲೇ ಕೂಸು ಹೋಯ್ತು."

ಇಂದು ಆ ಹೆಸರು ಹೊತ್ತ ಕೊನೆಯ ಪೆಟ್ಟಿಗೆಯ ಸರದಿ. ನಲವತ್ತೆಂಟು ಟ್ಯೂಬು. ಸಹೋದ್ಯೋಗಿಯೊಬ್ಬರು ಕೈ ಚಾಚಿದರೆ, "ಬೇಡಪ್ಪಾ, ನಾನೇ ಹಾಕ್ತೀನಿ," ಎಂದು ಅಕ್ಕ ಅವನ್ನು ಸೂಕ್ಷ್ಮಾಣುಗಳನ್ನು ಬೇಯಿಸಿ ಕೊಲ್ಲುವ ಹಬೆಯಂತ್ರದೊಳಗೆ ಒಂದೊಂದಾಗಿ ಜೋಡಿಸುತ್ತಾರೆ. ಮುಚ್ಚಳ ಬಿಗಿಯುತ್ತದೆ. ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಅಷ್ಟೂ ಹೊತ್ತು ಅವರು ಕೂರುವುದಿಲ್ಲ.

ಪತ್ರಿಕೆಯಲ್ಲಿ ಏನು ಬರೆಯಲಿ ಎಂದು ಕೇಳುತ್ತೇನೆ.

"ಅವಳ ಹೆಸರು ಮಾತ್ರ ಬೇಡ," ಎನ್ನುತ್ತಾರೆ. ಕೈಗವಸು ಕಳಚುತ್ತಾ, "ಹನ್ನೊಂದು ವರ್ಷ ಒಂದು ಟ್ಯೂಬೂ ನನ್ನ ಕೈಯಲ್ಲಿ ಸತ್ತಿರಲಿಲ್ಲ. ಅದನ್ನ ಬರೀರಿ."