ಗೋಡೆಯಾಚೆಯ ಟಿವಿ

ಸಾಂಗ್ಲಿ ಹತ್ತಿರದ ಮಾಧವನಗರದಲ್ಲಿ ನಮ್ಮ ಮನೆಗೂ ಚಿಕ್ಕಮ್ಮ ಎಂಬಂತೆ ನಾವು ಮಾವಶಿ ಎಂದು ಕರೆಯುತ್ತಿದ್ದ ಪಕ್ಕದವರ ಮನೆಗೂ ನಡುವೆ ಒಂದೇ ಗೋಡೆ. ಅವರು ನಮ್ಮಲ್ಲಿಗೆ ಬಂದರೆ ಬಾಗಿಲ ಬಳಿಯೇ ಮುದುಡಿ ಕೂರುತ್ತಿದ್ದರು. ಒಳಗೆ ಕರೆದರೆ, "ಇಲ್ಲೇ ಆರಾಮ್ ಐತ್ರಿ" ಎನ್ನುವರು. ಗಂಡ ಮಿಲ್ಲಿನಲ್ಲಿ ಫಿಟರ್. ಓಣಿಗೆ ಮೊದಲ ದೊಡ್ಡ ಟಿವಿ ಬಂದದ್ದು ಅವರ ಮನೆಗೇ. ಸಂಜೆ ಅದರ ಅಬ್ಬರ ನಮ್ಮ ಅಡುಗೆಮನೆಗೂ ಕೇಳುತ್ತಿತ್ತು. ಪುಣ್ಯವಂತೆ ಎಂದುಕೊಳ್ಳುತ್ತಿದ್ದೆವು. ಗಂಡ ತೀರಿಕೊಂಡ ಮೇಲೆ ಮಾವಶಿ ಟಿವಿ ಮಾರಿದರು, ಸಾಂಗ್ಲಿಯ ಅರಿಸಿನದ ಗೋದಾಮಿಗೆ ಕೂಲಿಗೆ ಹೋಗತೊಡಗಿದರು. ಪಾಪ, ಎಂದೆವು.

ಕಳೆದ ವರ್ಷ ಜನರ ನೆಮ್ಮದಿ ಅಳೆಯುವ ಸರ್ವೆಗೆಂದು ಒಬ್ಬ ಹುಡುಗಿ ನಮ್ಮನೆಗೆ ಬಂದಳು. ಮಾವಶಿ ಅಲ್ಲೇ ಇದ್ದರು, ಪಡಸಾಲೆಯ ನಡುವೆ ಕಾಲು ಚಾಚಿಕೊಂಡು. ಆದಾಯ ಕೇಳಿದಾಗ, ಗಂಡ ಹೋದ ಮೇಲೆ ಅರ್ಧಕ್ಕೂ ಕಡಿಮೆಯಾಗಿದೆ ಎಂದರು. ನೆಮ್ಮದಿಗೆ ಹತ್ತರಲ್ಲಿ ಎಷ್ಟು ಎಂದಾಗ, "ಹತ್ತಕ್ಕ ಹತ್ತೂ ಬರಕೋ ಮಗಳ" ಎಂದರು.

"ಮೊದಲು, ಕಾಕಾ ಇದ್ದಾಗ?" ಹುಡುಗಿ ಕೇಳಿದಳು.

"ಸೊನ್ನಿ."

ಹುಡುಗಿ ನನ್ನ ಮುಖ ನೋಡಿದಳು. "ಮಾವಶಿ, ಉಲ್ಟಾ ಹೇಳಿದ್ರೇನು?" ಎಂದೆ.

"ಉಲ್ಟಾ ಯಾಕ್ರಿ? ಹೊಡಿಯೂದಕ್ಕ ಮೊದ್ಲ ಅಂವಾ ಟಿವಿ ಜೋರ್ ಮಾಡತಿದ್ದ. ನಾ ಚೀರೂದು ನಿಮಗ ಕೇಳಬಾರದು ಅಂತ."

ಆ ಟಿವಿಯ ಹಾಡುಗಳೆಲ್ಲ ನನಗೆ ಬಾಯಿಪಾಠ. ಗೋಡೆಯ ಈಚೆ ರೊಟ್ಟಿ ಬಡಿಯುತ್ತ ನಾನೂ ದನಿಗೂಡಿಸುತ್ತಿದ್ದೆ.